ಟಿಪ್ಪಣಿ ಪುಸ್ತಕದಿಂದ ಅಚ್ಚಿನ ಪುಟಕ್ಕೆ: ಬೆಂಗಳೂರಿನ ಜರ್ನಲ್‌ಗಳು ಮತ್ತು ವಿದ್ಯಾರ್ಥಿ ಸಂಶೋಧನೆ

ಭಾರತದ ಕಾಲೇಜು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಹೊಸದೇನನ್ನಾದರೂ ಕಂಡರೆ, 20ನೇ ಶತಮಾನದ ಆರಂಭದಲ್ಲಿ ಅದು ಸಾಮಾನ್ಯವಾಗಿ ಅವನ ಟಿಪ್ಪಣಿ ಪುಸ್ತಕದಲ್ಲೇ ಉಳಿದುಬಿಡುತ್ತಿತ್ತು. ಭೌತವಿಜ್ಞಾನದ ಬರಹ ಹೊರಜಗತ್ತಿನ ಕಣ್ಣಿಗೆ ಬೀಳಬೇಕೆಂದರೆ ಹಡಗಿನ ಟಪಾಲಿನಲ್ಲಿ ಲಂಡನ್ನಿಗೆ ಹೋಗಬೇಕಿತ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಸಿ.ವಿ. ರಾಮನ್ ಹಿಡಿದದ್ದೂ ಅದೇ ದಾರಿ. ಸ್ಪೆಕ್ಟ್ರೋಮೀಟರಿನಲ್ಲಿ ಪಟ್ಟಕವನ್ನಿಟ್ಟು ಕೆಲಸ ಮಾಡುವಾಗ, ಓರೆಯಾಗಿ ಬಿದ್ದ ಬೆಳಕಿನಿಂದ ಮೂಡುವ ಪಟ್ಟಿಗಳು ಎರಡು ಬದಿಗೂ ಸಮನಾಗಿಲ್ಲ ಎಂಬುದನ್ನು ಅವರು ಗಮನಿಸಿದರು. ಬರೆದದ್ದನ್ನು ಅಧ್ಯಾಪಕರಿಗೆ ಕೊಟ್ಟು ಕಾದರು. ಉತ್ತರ ಬಾರದಿದ್ದಾಗ ತಾವೇ ಅಂಚೆಗೆ ಹಾಕಿದರು. 1906ರ ನವೆಂಬರಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಅದನ್ನು ಪ್ರಕಟಿಸಿತು. ಆ ತಿಂಗಳಲ್ಲೇ ರಾಮನ್‌ರಿಗೆ 18 ತುಂಬಿತು. ಇಂಥ ಧೈರ್ಯವನ್ನು ಎಲ್ಲ ವಿದ್ಯಾರ್ಥಿಗಳಿಂದಲೂ ನಿರೀಕ್ಷಿಸಲಾಗದು. ಕೈಗೆಟಕುವ ಪತ್ರಿಕೆ, ಓದಿ ತಿದ್ದುವ ಗುರು, ಕೆಲಸ ಬಲ್ಲ ಅಚ್ಚುಕೂಟ, ಈ ಮೂರೂ ಒಂದೇ ಊರಿನಲ್ಲಿ ಕೂಡಿಬಂದಾಗ ಮಾತ್ರ ವಿದ್ಯಾರ್ಥಿಯ ಕೆಲಸ ಅಚ್ಚಾಗುವುದು ಪದ್ಧತಿಯಾಗುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು ಎರಡು ದಶಕಗಳಲ್ಲಿ ಕೂಡಿಬಂತು.

ಮೊದಲ ಹೆಜ್ಜೆ ಭಾರತೀಯ ವಿಜ್ಞಾನ ಸಂಸ್ಥೆಯದು. 1909ರಲ್ಲಿ ಸ್ಥಾಪನೆಯಾದ ಸಂಸ್ಥೆಗೆ ವಿದ್ಯಾರ್ಥಿಗಳ ಮೊದಲ ತಂಡ ಬಂದದ್ದು 1911ರಲ್ಲಿ. ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಪದವಿ ಇರಲಿಲ್ಲ. ಸಂಶೋಧನೆ ಮುಗಿಸಿದವರಿಗೆ ಸಂಸ್ಥೆ ತನ್ನದೇ ಅಸೋಸಿಯೇಟ್‌ಷಿಪ್ ಕೊಡುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಸಮನಾದ ಸ್ಥಾನ ಸಿಕ್ಕಿದ್ದು 1958ರಲ್ಲಿ. ಪದವಿಯ ಮೊಹರಿಲ್ಲದೆ ಹೊರಗೆ ಹೋಗುವ ವಿದ್ಯಾರ್ಥಿಗೆ ತಾನು ಮಾಡಿದ ಕೆಲಸವನ್ನು ತೋರಿಸಲು ಅಚ್ಚಾದ ಪ್ರಬಂಧಕ್ಕಿಂತ ಗಟ್ಟಿ ಆಧಾರ ಬೇರೆ ಇರಲಿಲ್ಲ. 1914ರಲ್ಲಿ ಸಂಸ್ಥೆ ತನ್ನದೇ ಜರ್ನಲ್ ಆರಂಭಿಸಿದ್ದು ಈ ದೃಷ್ಟಿಯಿಂದ ಬಹಳ ಮುಖ್ಯವಾದ ಸಂಗತಿ. ಆ ಕಾಲದ ಕೆಲಸ ಬಹುಮಟ್ಟಿಗೆ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನದ್ದು, ನಾಡಿನ ಕಚ್ಚಾವಸ್ತುಗಳಿಗೆ ಹತ್ತಿರವಾದದ್ದು. ಶ್ರೀಗಂಧದ ಎಣ್ಣೆಯ ಮೇಲೆ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳೇ 1916ರಲ್ಲಿ ಮೈಸೂರು ಸರ್ಕಾರದ ಗಂಧದೆಣ್ಣೆ ಕಾರ್ಖಾನೆಗೆ ದಾರಿ ಮಾಡಿದವು.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಅದರ ಆಯುಸ್ಸು ಸುಮಾರು ಎರಡು ವರ್ಷ. ಸಾಮಾನ್ಯ ಓದುಗರಿಗಾಗಿ ಹುಟ್ಟಿದ ಪತ್ರಿಕೆ ಅದು. ಸಂಶೋಧನೆಯ ಬರಹ ಮಾತ್ರ ಇಂಗ್ಲಿಷಿನಲ್ಲೇ ನೆಲೆನಿಂತಿತು. ಕನ್ನಡದಲ್ಲಿ ಯೋಚಿಸುವ ಹುಡುಗ ತನ್ನ ಪ್ರಯೋಗವನ್ನು ಇನ್ನೊಂದು ಭಾಷೆಯಲ್ಲಿ ಹೇಳಲು ಕಲಿಯಬೇಕಾದದ್ದು ಅಂದಿನಿಂದ ಇಂದಿನವರೆಗೂ ಈ ತಯಾರಿಯ ಅತ್ಯಂತ ಕಷ್ಟದ ಭಾಗ. ಈ ಕಷ್ಟಕ್ಕೆ ಸಿಗಬೇಕಾದಷ್ಟು ಗಮನ ಎಂದೂ ಸಿಕ್ಕಿಲ್ಲ.

ಅಚ್ಚಿನ ವೇಗಕ್ಕೆ ಎಂಥ ಬೆಲೆಯಿದೆ ಎಂಬುದನ್ನು 1928 ತೋರಿಸಿತು. ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಹೊಸ ವಿಕಿರಣದ ಬಗ್ಗೆ ರಾಮನ್ ವಿಸ್ತಾರವಾಗಿ ಮಾತನಾಡಿದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಆ ಉಪನ್ಯಾಸ ಮಾರ್ಚ್ 31ರ ಹೊತ್ತಿಗೆ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಯಿತು, ಬಿಡಿಪ್ರತಿಗಳು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದವು. ಅದೇ ದಿನದ ‘ನೇಚರ್’ನಲ್ಲಿ ಬಂದ ಪತ್ರದಲ್ಲಿ ರಾಮನ್ ಜೊತೆಗೆ ಅವರ ಶಿಷ್ಯ ಕೆ.ಎಸ್. ಕೃಷ್ಣನ್ ಹೆಸರೂ ಇತ್ತು. ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ರಾಮನ್ ತಾವೇ 1926ರಲ್ಲಿ ಆರಂಭಿಸಿದ್ದು. ಹಾಗಾಗಿ ಯಾರ ಬಾಗಿಲಲ್ಲೂ ಕಾಯಬೇಕಾಗಲಿಲ್ಲ.

1932ರ ಜುಲೈನಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಹೊರಟಿತು. ಸಂಪಾದಕತ್ವ ವಹಿಸಿದವರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ಸಂಪಾದಕರಿಗೆ ಬರೆದ ಪತ್ರಗಳ ರೂಪದಲ್ಲಿ ಚಿಕ್ಕ ಫಲಿತಾಂಶಗಳನ್ನು ಬೇಗ ಪ್ರಕಟಿಸುವ ಅಂಕಣ ಅದರಲ್ಲಿತ್ತು. ದೊಡ್ಡ ಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ ಇಲ್ಲದ ಯುವಕರಿಗೆ ಇದು ಒಳ್ಳೆಯ ಪ್ರವೇಶದ್ವಾರ. ಕಪ್ಪೆಗಳ ಅಧ್ಯಯನದಲ್ಲಿ ನಾರಾಯಣ ರಾವ್ ಹೆಸರಾದವರು. 1937ರಲ್ಲಿ ಅವರು ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವರ್ಣಿಸಿದ ಲೇಖನದ ಮೂಲಕ ಹಾಸನ ಜಿಲ್ಲೆಯ ಕೆಂಪುಹೊಳೆ, ಮಲೆನಾಡಿನ ಕೊಟ್ಟಿಗೆಹಾರಗಳು ವೈಜ್ಞಾನಿಕ ಹೆಸರುಗಳೊಳಗೆ ಸೇರಿದವು. ಕಾಲೇಜಿನಲ್ಲಿ ಇಟ್ಟಿದ್ದ ಅವರ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಆ ಕಪ್ಪೆಗಳನ್ನು ಮತ್ತೆ ಗುರುತಿಸಹೊರಟ ಈಚಿನ ಸಂಶೋಧಕರಿಗೆ ಆಧಾರವಾಗಿ ಉಳಿದಿದ್ದದ್ದು ಅಚ್ಚಿನಲ್ಲಿದ್ದ ವರ್ಣನೆ, ಚಿತ್ರ ಮತ್ತು ಊರಿನ ಹೆಸರು. ಎಲ್ಲಿ ಸಿಕ್ಕಿತು, ಎಷ್ಟು ಉದ್ದ, ಎಂಥ ಬಣ್ಣ ಎಂಬ ವಿವರಗಳನ್ನು ಬಿಡದೆ ಬರೆಯಬೇಕೆಂದು ವಿದ್ಯಾರ್ಥಿಗಳನ್ನು ಗುರುಗಳು ಗದರುವುದು ಏಕೆಂದು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಸಿಗುವುದು ಕಷ್ಟ.

ರಾಮನ್ 1933ರಲ್ಲಿ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಹುಟ್ಟಿತು, ಜೊತೆಯಲ್ಲೇ ಅದರ ‘ಪ್ರೊಸೀಡಿಂಗ್ಸ್’ ತಿಂಗಳಿಗೊಮ್ಮೆ ಬರತೊಡಗಿತು. ರಾಮನ್ ಮತ್ತು ಅವರ ಶಿಷ್ಯ ಎನ್.ಎಸ್. ನಾಗೇಂದ್ರನಾಥ್, ಶಬ್ದತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವುದರ ಬಗ್ಗೆ 1935-36ರಲ್ಲಿ ಬರೆದ ಲೇಖನಮಾಲೆ ಇದರಲ್ಲೇ ಬಂತು. ವಿದ್ಯಾರ್ಥಿಯ ಲೇಖನದ ತಲೆಬರಹದ ಕೆಳಗೆ ಮೂರು ಸಂಗತಿ ಇರುತ್ತಿದ್ದವು: ಕೆಲಸ ನಡೆದ ವಿಭಾಗ, ಲೇಖನ ತಲುಪಿದ ತಾರೀಖು, ಅದನ್ನು ಸಲ್ಲಿಸಿದ ಅಕಾಡೆಮಿಯ ಫೆಲೋ ಹೆಸರು. ಭೌತವಿಜ್ಞಾನದಲ್ಲಿ ಆ ಹೆಸರು ಎಷ್ಟೋ ಸಲ ರಾಮನ್‌ರದೇ. ಗುರು ಓದಿ ಒಪ್ಪಿದರೆ ಲೇಖನ ಒಳಗೆ, ಇಲ್ಲದಿದ್ದರೆ ಹೊರಗೆ.

ಒಪ್ಪಿದ ಮೇಲೂ ಕೆಲಸ ಬಹಳವಿತ್ತು. ಹಸ್ತಪ್ರತಿಯನ್ನು ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡಿಸಬೇಕು. ಗ್ರೀಕ್ ಅಕ್ಷರ, ವರ್ಗಮೂಲದ ಚಿಹ್ನೆಗಳನ್ನು ಟೈಪ್‌ರೈಟರ್ ಬಿಟ್ಟ ಜಾಗದಲ್ಲಿ ಕೈಯಿಂದ ತುಂಬಬೇಕು. ನಕ್ಷೆಗಳನ್ನು ಅಚ್ಚಿನ ಅಳತೆಗಿಂತ ದೊಡ್ಡದಾಗಿ ಇಂಡಿಯನ್ ಇಂಕಿನಲ್ಲಿ ಬರೆಯಬೇಕು, ಬ್ಲಾಕ್ ಮಾಡುವಾಗ ಅವು ಕುಗ್ಗುವುದರಿಂದ ಗೆರೆ ದಪ್ಪವಾಗಿಯೇ ಇರಬೇಕು. ರೋಹಿತದ ಛಾಯಾಚಿತ್ರಗಳಿಗೆ ಹಾಫ್‌ಟೋನ್ ಬ್ಲಾಕ್, ನುಣುಪು ಕಾಗದ. ಅಕಾಡೆಮಿಯ ಪ್ರಕಟಣೆಗಳು ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದವು. ಸಮೀಕರಣವನ್ನು ಮೊಳೆ ಮೊಳೆಯಾಗಿ ಜೋಡಿಸುವುದು ಹೆಚ್ಚು ಹೊತ್ತು ಹಿಡಿಯುವ ಕಸುಬು. ಘಾತಾಂಕ ಕೆಳಗಿಳಿದರೆ ಅರ್ಥವೇ ಬದಲಾಗುತ್ತದೆ. ಈ ಲೇಖನಗಳ ಯಶಸ್ಸಿನಲ್ಲಿ ಮೊಳೆ ಜೋಡಿಸಿದವರ ಪಾಲೂ ದೊಡ್ಡದು, ಆದರೆ ಅವರ ಹೆಸರು ಯಾವ ಪುಟದಲ್ಲೂ ಕಾಣುವುದಿಲ್ಲ. ಪ್ರೂಫ್ ತಿದ್ದುವ ಹೊಣೆ ಲೇಖಕನದು. ಅಚ್ಚುಕೂಟವೂ ಊರಿನಲ್ಲೇ ಇದ್ದುದರಿಂದ ಕಲಿಯುತ್ತಿರುವವನಿಗೆ ತನ್ನ ತಪ್ಪುಗಳು ಬೇಗ ಕೈಸೇರುತ್ತಿದ್ದವು.

ಈ ವ್ಯವಸ್ಥೆಯ ಬೆಲೆ ಅಣ್ಣಾ ಮಣಿ ಅವರ ಬದುಕಿನಲ್ಲಿ ಸ್ಪಷ್ಟವಾಗುತ್ತದೆ. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅವರು 1940ರಲ್ಲಿ ರಾಮನ್‌ರ ಪ್ರಯೋಗಶಾಲೆ ಸೇರಿದರು. ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು ದಾಖಲಿಸಿದರು. ವಜ್ರ ಹೊಮ್ಮಿಸುವ ಬೆಳಕು ಬಹಳ ಮಂದ. ಒಂದು ಫಲಕದ ಮೇಲೆ ಗೆರೆಗಳು ಮೂಡಲು 15ರಿಂದ 20 ಗಂಟೆ ಬೇಕಾಗುತ್ತಿತ್ತು. 1942ರಿಂದ 1945ರ ನಡುವೆ ಅವರೊಬ್ಬರ ಹೆಸರಿನಲ್ಲೇ ಐದು ಪ್ರಬಂಧಗಳು ಪ್ರಕಟವಾದವು. ಸಂಸ್ಥೆ ಪದವಿ ಕೊಡದ್ದರಿಂದ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಾಯಿತು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪಿಎಚ್‌.ಡಿ. ನಿರಾಕರಿಸಲಾಯಿತು. ಕಡತದ ನಿಯಮ ಗೆದ್ದಿತು, ನ್ಯಾಯ ಸೋತಿತು. ಮುಂದೆ ಹವಾಮಾನ ಇಲಾಖೆಯಲ್ಲಿ ಉಪಕರಣಗಳ ನಿರ್ಮಾಣಕ್ಕೆ ದೇಶದಲ್ಲೇ ಅಡಿಪಾಯ ಹಾಕಿದ ಅಣ್ಣಾ ಮಣಿ ಡಾಕ್ಟರೇಟ್ ಇಲ್ಲದೆಯೇ ದುಡಿದರು. ಐದು ಪ್ರಬಂಧಗಳು ಮಾತ್ರ ಯಾರ ಒಪ್ಪಿಗೆಯನ್ನೂ ಕಾಯದೆ ಸಂಪುಟಗಳಲ್ಲಿ ನಿಂತಿವೆ.

ಗುರುವೇ ದ್ವಾರಪಾಲಕನಾಗುವುದರಲ್ಲಿ ಅಪಾಯವೂ ಇತ್ತು. ಹರಳಿನೊಳಗಿನ ಕಂಪನಗಳ ಬಗ್ಗೆ 1940ರ ದಶಕದಲ್ಲಿ ರಾಮನ್ ಮತ್ತು ಮ್ಯಾಕ್ಸ್ ಬಾರ್ನ್ ನಡುವೆ ತೀವ್ರ ವಿವಾದ ನಡೆಯಿತು. ರಾಮನ್‌ರ ಶಿಷ್ಯರ ಹಲವು ಲೇಖನಗಳು ಗುರುವಿನ ಸಿದ್ಧಾಂತವನ್ನೇ ಬೆಂಬಲಿಸಿ ಗುರುವಿನ ಪತ್ರಿಕೆಯಲ್ಲೇ ಬಂದವು. ಕೊನೆಗೆ ಭೌತವಿಜ್ಞಾನಿಗಳು ಒಪ್ಪಿಕೊಂಡದ್ದು ಬಾರ್ನ್ ಪಕ್ಷವನ್ನು. ಆ ಲೇಖನಗಳ ಅಳತೆಗಳು ಸುಳ್ಳಾಗಲಿಲ್ಲ, ವ್ಯಾಖ್ಯಾನ ನಿಲ್ಲಲಿಲ್ಲ. ಗುರುವನ್ನು ಒಪ್ಪದ ಒಬ್ಬ ಹೊರಗಿನವರು ಹಸ್ತಪ್ರತಿಯನ್ನು ಮೊದಲೇ ಓದಿದ್ದರೆ ಶಿಷ್ಯರಿಗೆ ಉಪಕಾರವೇ ಆಗುತ್ತಿತ್ತು.

ಅದೇ ‘ಪ್ರೊಸೀಡಿಂಗ್ಸ್’ನಲ್ಲಿ 1956ರಲ್ಲಿ ಬಂದ ಇನ್ನೊಂದು ಲೇಖನದ ಕಥೆ ಬೇರೆ. ಎಸ್. ಪಂಚರತ್ನಂ ರಾಮನ್ ಸಂಶೋಧನಾ ಸಂಸ್ಥೆಯ 22 ವರ್ಷದ ತರುಣ. ಹರಳುಗಳಲ್ಲಿ ಧ್ರುವೀಕೃತ ಬೆಳಕಿನ ವ್ಯತಿಕರಣವನ್ನು ವಿವರಿಸಹೊರಟ ಅವರು ಒಂದು ಸಾಮಾನ್ಯ ನಿಯಮಕ್ಕೆ ಬಂದರು: ಬೆಳಕಿನ ಧ್ರುವೀಕರಣ ಸ್ಥಿತಿಯನ್ನು ಪಾಯಿಂಕರೆ ಗೋಳದ ಮೇಲೆ ಒಂದು ತ್ರಿಕೋನದ ಸುತ್ತ ಒಯ್ದು ಮೊದಲ ಸ್ಥಾನಕ್ಕೆ ತಂದರೆ, ಅದರ ಹಂತ ಮೊದಲಿನಂತಿರುವುದಿಲ್ಲ. ಬಂದ ವ್ಯತ್ಯಾಸ ಆ ತ್ರಿಕೋನದ ಘನಕೋನದ ಅರ್ಧದಷ್ಟು. ಇದರ ಹಿರಿಮೆ ಹೊರಗೆ ಗೊತ್ತಾಗಲು ಬಹುಕಾಲ ಹಿಡಿಯಿತು. 1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರ್ರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಜ್ಯಾಮಿತೀಯ ಹಂತವನ್ನು ವಿವರಿಸಿದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಬರೆದು, ಪಂಚರತ್ನಂ ಕೆಲಸ ಅದರ ಮುಂಚಿನ ರೂಪವೆಂದು ತೋರಿಸಿದರು. ಮರುವರ್ಷ ಬೆರ್ರಿ ಅದನ್ನು ಮುಕ್ತಮನಸ್ಸಿನಿಂದ ಒಪ್ಪಿ ಬರೆದರು. ಪಂಚರತ್ನಂ ಆ ಹೊತ್ತಿಗೆ ಇರಲಿಲ್ಲ; ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಪಾಠ ಹೇಳಿ ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಊರಿನ ಜರ್ನಲ್ಲಿನಲ್ಲಿ ಪ್ರಕಟವಾದದ್ದಕ್ಕೆ ದೂರದ ಓದುಗರು ಸಿಗುವುದು ತಡವಾಗಬಹುದೆಂಬುದು ನಿಜ. ಲೇಖನ ಪೂರ್ಣವಾಗಿ, ನಿಖರವಾಗಿ ಬರೆಯಲ್ಪಟ್ಟಿದ್ದರಿಂದಲೇ ಮೂವತ್ತು ವರ್ಷಗಳ ನಂತರವೂ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿತು.

1973ರಲ್ಲಿ ಅಕಾಡೆಮಿ ಭೌತವಿಜ್ಞಾನಕ್ಕೆ ‘ಪ್ರಮಾಣ’ ಎಂಬ ಪ್ರತ್ಯೇಕ ಪತ್ರಿಕೆ ತಂದಿತು. ಕ್ರಮೇಣ ಉಳಿದ ಶಾಖೆಗಳೂ ಬೇರೆಯಾದವು, ಎಂಜಿನಿಯರಿಂಗ್ ಪಾಲಿಗೆ ‘ಸಾಧನಾ’ ಬಂತು. ವಿಷಯ ಬಲ್ಲ ಹೊರಗಿನವರಿಂದ ಹಸ್ತಪ್ರತಿ ಓದಿಸುವುದೂ ರೂಢಿಯಾಯಿತು. ಇದೇ ಕಾಲದಲ್ಲಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದವು. ಕೊನೆಯ ವರ್ಷದ ಪ್ರಾಜೆಕ್ಟ್ ಎಂಬುದು ಸಾವಿರಾರು ವಿದ್ಯಾರ್ಥಿಗಳ ಮಾತಾಯಿತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1975ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, 1977ರಿಂದ ಇಂಥ ಪ್ರಾಜೆಕ್ಟುಗಳನ್ನು ಆರಿಸಿ ಧನಸಹಾಯ ಕೊಡುತ್ತ, ವಿಚಾರಗೋಷ್ಠಿ ಮತ್ತು ಪ್ರದರ್ಶನಕ್ಕೆ ತರುತ್ತ ಬಂದಿದೆ. ಕಾಲೇಜಿನ ಹೊರಗಿನ ಪರಿಣತರ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸುವ ಅನುಭವ, ಜರ್ನಲ್ ವಿಮರ್ಶಕರನ್ನು ಎದುರಿಸುವ ಮೊದಲ ಪಾಠ. ಪ್ರಾಜೆಕ್ಟ್ ರಿಪೋರ್ಟ್ ಪರೀಕ್ಷಕರಿಗಾಗಿ ಬರೆದದ್ದು. ಓದಿದ್ದೆಲ್ಲವನ್ನೂ, ಮಾಡಿದ್ದೆಲ್ಲವನ್ನೂ ಅದರಲ್ಲಿ ತುಂಬುವುದು ವಾಡಿಕೆ. ಜರ್ನಲ್ ಕೇಳುವುದು ಹೊಸದೇನು, ಹೇಗೆ ಗೊತ್ತಾಯಿತು ಎಂಬುದನ್ನಷ್ಟೇ. ನೂರು ಪುಟದ ರಿಪೋರ್ಟನ್ನು ಎಂಟು ಪುಟಕ್ಕೆ ಇಳಿಸುವಾಗ ಏನು ಬಿಡಬೇಕೆಂದು ತಿಳಿಯುವುದೇ ನಿಜವಾದ ಶಿಕ್ಷಣ. 1996ರ ಜನವರಿಯಲ್ಲಿ ಅಕಾಡೆಮಿ ಹೊರತಂದ ‘ರೆಸೊನೆನ್ಸ್’ ಪದವಿ ತರಗತಿಗಳ ವಿದ್ಯಾರ್ಥಿ ಮತ್ತು ಅಧ್ಯಾಪಕರನ್ನೇ ಎದುರಿಗಿಟ್ಟುಕೊಂಡಿತು, ತರಗತಿಯ ಪ್ರಶ್ನೆಗಳಿಗೂ ಅಂಕಣ ಮೀಸಲಿಟ್ಟಿತು.

ಇಷ್ಟು ಕಾಲ ಅಭಿರುಚಿಯಿಂದ ನಡೆದ ಕೆಲಸ 2009ರಲ್ಲಿ ಕಡ್ಡಾಯವಾಯಿತು. ಪಿಎಚ್‌.ಡಿ. ಸಲ್ಲಿಸುವ ಮುನ್ನ ಒಂದು ಪ್ರಬಂಧ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ ನಿಯಮ ಮಾಡಿತು. 2016ರಲ್ಲಿ ಸಮ್ಮೇಳನಗಳಲ್ಲಿ ಎರಡು ಮಂಡನೆಗಳೂ ಸೇರಿದವು. ಉದ್ದೇಶ ಒಳ್ಳೆಯದೇ. ಆದರೆ ದುಡ್ಡು ಕಟ್ಟಿಸಿಕೊಂಡು, ಓದದೆಯೇ ಪ್ರಕಟಿಸುವ ಜರ್ನಲ್‌ಗಳಿಗೆ ಇದು ಸುಗ್ಗಿಯಾಯಿತು. ಒಪ್ಪಿತ ಪಟ್ಟಿಯೊಳಗೂ ಅವು ನುಸುಳಿದ್ದರಿಂದ 2018ರಲ್ಲಿ ಆಯೋಗ 4,305 ಜರ್ನಲ್‌ಗಳನ್ನು ಒಮ್ಮೆಗೇ ಕೈಬಿಟ್ಟು, ‘ಕೇರ್’ ಹೆಸರಿನ ಹೊಸ ಪಟ್ಟಿಯ ಕೆಲಸಕ್ಕೆ ಕೈಹಾಕಿತು. ಇದರಲ್ಲಿ ಹೆಚ್ಚು ನೊಂದವರು ತಿಳಿಯದೆ ಅಲ್ಲಿ ಬರೆದ ಚಿಕ್ಕ ಊರುಗಳ ವಿದ್ಯಾರ್ಥಿಗಳು. 2022ರ ನಿಯಮಗಳು ಪ್ರಕಟಣೆಯ ಕಡ್ಡಾಯವನ್ನು ತೆಗೆದುಹಾಕಿದವು. 2025ರಲ್ಲಿ ‘ಕೇರ್’ ಪಟ್ಟಿಯನ್ನೂ ನಿಲ್ಲಿಸಲಾಯಿತು. ಜರ್ನಲ್ ಎಂಥದ್ದೆಂದು ತೂಗಿ ನೋಡುವ ಹೊಣೆ ಈಗ ಆಯಾ ವಿಶ್ವವಿದ್ಯಾಲಯ, ಕಾಲೇಜುಗಳದೇ ಆಗಿದೆ.