ಚಕ್ಕುಬಂದಿಯ ಬಿಂದುಗಳು: ಭೂನಕ್ಷೆಯ ಡೇಟಾಬೇಸ್‌ಗಳಲ್ಲಿ ಆಕೃತಿ ಪ್ರಕಾರಗಳು ಮತ್ತು ಮಾನದಂಡ ಪಾಲನೆ

ಪೀಠಿಕೆ

ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಪಹಣಿಯಲ್ಲಿರುವುದು ಅಕ್ಷರ ಮತ್ತು ಅಂಕಿ: ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಹೆಸರು. ಜಮೀನಿನ ಆಕಾರ ಇರುವುದು ನಕ್ಷೆಯಲ್ಲಿ. ಈಗ ನಕ್ಷೆಯೂ ಡೇಟಾಬೇಸ್ ಸೇರುತ್ತಿದೆ. ನಿಂತ ಜಾಗದ ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಆಕಾರವನ್ನು ಕಾಯುವ ತಂತ್ರಾಂಶ ‘ಮಾನದಂಡಕ್ಕೆ ಬದ್ಧ’ ಎಂಬ ಘೋಷಣೆಯಷ್ಟೇ ಸಾಲದು. ಯಾವ ಮಾನದಂಡ, ಯಾವ ಆವೃತ್ತಿ, ಯಾವ ಪರೀಕ್ಷೆ ಎಂಬ ಮೂರೂ ಗೊತ್ತಿರಬೇಕೆಂಬುದು ಈ ಲೇಖನದ ವಾದ.

ಮಾನದಂಡದ ಹಿನ್ನೆಲೆ

ಓಪನ್ ಜಿಐಎಸ್ ಕನ್ಸಾರ್ಷಿಯಂ 1999ರಲ್ಲಿ ‘ಸಿಂಪಲ್ ಫೀಚರ್ಸ್ ಫಾರ್ ಎಸ್‌ಕ್ಯೂಎಲ್’ 1.1 ಆವೃತ್ತಿಯನ್ನು ಹೊರತಂದಿತು. 2004ರಲ್ಲಿ ಅದೇ ಪರಂಪರೆ ಐಎಸ್‌ಒ 19125 ಆಯಿತು. ಅದರ ಮುಖ್ಯ ಪ್ರಕಾರಗಳಿಗೆ ಊರಿನಲ್ಲೇ ಉದಾಹರಣೆಗಳಿವೆ. ಗಡಿಕಲ್ಲು ಬಿಂದು; ಬಂಡಿದಾರಿ ರೇಖೆ; ಹೊಲ ಬಹುಭುಜ. ನಡುವಿನ ಖರಾಬನ್ನು ಬಿಟ್ಟು ಅಳೆದ ಹೊಲ ಒಳಗೆ ತೆರಪಿರುವ ಬಹುಭುಜ. ರಸ್ತೆ ಹಾದು ಎರಡು ತುಂಡಾದರೂ ಒಂದೇ ನಂಬರು ಉಳಿಸಿಕೊಂಡ ಹೊಲ ಬಹುಭುಜಗಳ ಗುಂಪು. ಐಎಸ್‌ಒ 13249ರ ಮೂರನೆಯ ಭಾಗ ಇವುಗಳ ಜೊತೆಗೆ ವೃತ್ತಚಾಪಗಳನ್ನೂ ಹೇಳುತ್ತದೆ. 2001ರಲ್ಲಿ ಹುಟ್ಟಿದ ಭೂನಕ್ಷೆ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಜಿಐಎಸ್‌ಗೆ 2006ರಲ್ಲಿ ಸಿಂಪಲ್ ಫೀಚರ್ಸ್ 1.1 ಆವೃತ್ತಿಯ ಪಾಲನೆಯ ಪ್ರಮಾಣಪತ್ರ ದೊರೆಯಿತು.

ಒಂದು ಗುಂಟೆಯ ಪರೀಕ್ಷೆ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 1,089 ಚದರ ಅಡಿ, ಹದಿನಾರು ಆಣೆ. ಡೇಟಾಬೇಸ್‌ನಲ್ಲಿ ಅದನ್ನು (0 0, 33 0, 33 33, 0 33, 0 0) ಎಂದು ಬರೆಯುತ್ತೇವೆ. ಹೊರಟ ಮೂಲೆಗೇ ಮರಳುವುದು ನಿಯಮ. ಈಗ ಮೂರನೆಯ ಮತ್ತು ನಾಲ್ಕನೆಯ ಮೂಲೆಗಳು ಅದಲುಬದಲಾಗಿವೆ ಎನ್ನಿ: (0 0, 33 0, 0 33, 33 33, 0 0). ಗೆರೆಗಳು ನಡುವೆ ಒಂದನ್ನೊಂದು ಕತ್ತರಿಸಿ ಆಕೃತಿ ಡಮರುವಿನಂತಾಗುತ್ತದೆ.

ಪೋಸ್ಟ್‌ಜಿಐಎಸ್ ಇದನ್ನು ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ವಿಸ್ತೀರ್ಣ ಕೇಳಿದರೆ ಸೊನ್ನೆ ಎನ್ನುತ್ತದೆ, ಏಕೆಂದರೆ ಎರಡು ತ್ರಿಕೋನಗಳು ಎದುರುಬದುರು ದಿಕ್ಕಿನಲ್ಲಿ ಸುತ್ತಿ ಒಂದನ್ನೊಂದು ಅಳಿಸುತ್ತವೆ. ‘ಎಸ್‌ಟಿ ಈಸ್‌ವ್ಯಾಲಿಡ್’ ಎಂದು ಕೇಳಿದಾಗ ಮಾತ್ರ ತಪ್ಪು ಹೊರಬೀಳುತ್ತದೆ. ‘ಎಸ್‌ಟಿ ಮೇಕ್‌ವ್ಯಾಲಿಡ್’ ದುರಸ್ತಿ ಮಾಡಿದರೆ ಉಳಿಯುವುದು ಎರಡು ತ್ರಿಕೋನ, ಒಟ್ಟು 544.5 ಚದರ ಅಡಿ. ಹದಿನಾರಾಣೆ ಜಮೀನು ಎಂಟಾಣೆಯಾಯಿತು. ಎಸ್‌ಕ್ಯೂಎಲ್ ಸರ್ವರ್ ಇದೇ ಆಕೃತಿಯನ್ನು ಸ್ವೀಕರಿಸಿದರೂ ಸರಿಪಡಿಸದ ಹೊರತು ಲೆಕ್ಕ ಹಾಕಲು ಒಪ್ಪುವುದಿಲ್ಲ. ಪ್ರಕಾರದ ಹೆಸರು ಎರಡರಲ್ಲೂ ಒಂದೇ, ನಡೆ ಬೇರೆ. ದುರಸ್ತಿಯಾದ ಆಕೃತಿ ನಿಯಮಕ್ಕೆ ಸರಿ, ನೆಲಕ್ಕೆ ತಪ್ಪು. ಆದ್ದರಿಂದ ಯಂತ್ರದ ದುರಸ್ತಿಯನ್ನು ಸರ್ವೆಯರ್ ಅಳತೆ ಪುಸ್ತಕದೊಂದಿಗೆ ತಾಳೆ ನೋಡಲೇಬೇಕು.

ಚಾಪ

ಕಾಲುವೆಯ ತಿರುವನ್ನು ಚಾಪವಾಗಿಯೇ ಇಡಲು ಪೋಸ್ಟ್‌ಜಿಐಎಸ್, ಆರಕಲ್ ಮತ್ತು 2012ರ ನಂತರದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅವಕಾಶವಿದೆ. ಮೈಎಸ್‌ಕ್ಯೂಎಲ್‌ನಲ್ಲಿಲ್ಲ, ಜಿಯೋಜೇಸನ್‌ನಲ್ಲೂ ಇಲ್ಲ. ಅವುಗಳಿಗೆ ಸಾಗಿಸುವಾಗ ಚಾಪವನ್ನು ಸಣ್ಣ ಸರಳರೇಖೆಗಳಾಗಿ ಒಡೆಯಬೇಕು. ಇಡೀ ವೃತ್ತವನ್ನು 128 ಭುಜಗಳಾಗಿ ಒಡೆದರೆ ವಿಸ್ತೀರ್ಣ ಶೇ. 0.04ರಷ್ಟು ಕುಗ್ಗುತ್ತದೆ. ಚಿಕ್ಕ ನಷ್ಟವೇ ಸರಿ, ಆದರೆ ಅದು ದಾಖಲೆಯಲ್ಲಿ ಕಾಣಬೇಕು.

ಕೋಲಾರದ ಪಾಠ

ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ಪದ್ಧತಿಯ ವ್ಯಾಖ್ಯೆಯಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಮೈಎಸ್‌ಕ್ಯೂಎಲ್ 8.0 ಅದನ್ನೇ ಪಾಲಿಸುತ್ತದೆ. ಪೋಸ್ಟ್‌ಜಿಐಎಸ್ ರೇಖಾಂಶವನ್ನು ಮೊದಲು ಓದುತ್ತದೆ. ಕೋಲಾರ ಪಟ್ಟಣ ಇರುವುದು 13.13 ಉತ್ತರ, 78.13 ಪೂರ್ವದಲ್ಲಿ. ಅಂಕಿ ತಿರುವುಮುರುವಾದರೆ ಕೋಲಾರ ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಹೋಗಿ ಕೂರುತ್ತದೆ. 78 ಎಂಬುದು 90ರ ಒಳಗೇ ಇರುವುದರಿಂದ ಯಾವ ಯಂತ್ರವೂ ಎಚ್ಚರಿಸುವುದಿಲ್ಲ. 83ನೇ ರೇಖಾಂಶದ ಹತ್ತಿರವಿರುವ ಆಂಧ್ರದ ಅಚ್ಯುತಾಪುರಂಗೂ ಇದೇ ಅಪಾಯ.

ಯುಟಿಎಂ ನಿರ್ದೇಶಾಂಕ ಪದ್ಧತಿಯ 43 ಮತ್ತು 44ನೇ ವಲಯಗಳ ಗಡಿಯಾದ 78ನೇ ರೇಖಾಂಶ ಕೋಲಾರ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಮಾಲೂರು ಪಟ್ಟಣ ಯುಟಿಎಂ 43ನೇ ವಲಯದಲ್ಲಿದೆ. ಕೋಲಾರ, ಮುಳಬಾಗಿಲು ಪಟ್ಟಣಗಳು ವಿಜಯವಾಡ, ವಿಶಾಖಪಟ್ಟಣಗಳ ಜೊತೆ 44ರಲ್ಲಿವೆ. ಗಡಿರೇಖೆಯ ಮೇಲಿನ ಒಂದೇ ಕಲ್ಲಿನ ಪೂರ್ವಾಂಕ ಎರಡು ವಲಯಗಳಲ್ಲಿ ಸುಮಾರು 650 ಕಿಲೋಮೀಟರ್ ವ್ಯತ್ಯಾಸವಾಗುತ್ತದೆ. ಆಕೃತಿಗೆ ವಲಯವನ್ನು ಸೂಚಿಸುವ 32643 ಅಥವಾ 32644 ಎಂಬ ಗುರುತು ಹಾಕಿದ್ದರೆ ಎರಡನ್ನು ಬೆರೆಸಲು ಪೋಸ್ಟ್‌ಜಿಐಎಸ್ ನಿರಾಕರಿಸುತ್ತದೆ. ಎರಡಕ್ಕೂ ಗುರುತು ಇಲ್ಲದಿದ್ದರೆ ತಪ್ಪು ಉತ್ತರವನ್ನೇ ಕೊಡುತ್ತದೆ.

ಉಪಸಂಹಾರ

ಭೂದಾಖಲೆಯ ತಂತ್ರಾಂಶ ಕೊಳ್ಳುವವರು ಟೆಂಡರಿನಲ್ಲಿ ಮಾನದಂಡದ ಹೆಸರಿನ ಜೊತೆ ಆವೃತ್ತಿಯನ್ನೂ ನಮೂದಿಸಬೇಕು. ತಿರುಚಿದ ಗುಂಟೆ, ಚಾಪವುಳ್ಳ ಕಾಲುವೆ, 78ನೇ ರೇಖಾಂಶದ ಮೇಲಿನ ಒಂದು ಹೊಲ, ಈ ಮೂರನ್ನು ಹಾಕಿ ಪರೀಕ್ಷಿಸಿದ ಮೇಲೆಯೇ ಒಪ್ಪಿಕೊಳ್ಳಬೇಕು. ಅಸಿಂಧು ಆಕೃತಿಯನ್ನು ಒಳಗೆ ಬರುವಾಗಲೇ ತಡೆಯುವ ನಿರ್ಬಂಧ ಪ್ರತಿ ಕೋಷ್ಟಕದಲ್ಲೂ ಇರಬೇಕು. ಪಹಣಿಯಲ್ಲಿ ಹದಿನಾರಾಣೆ ಎಂದಿರುವುದು ನಕ್ಷೆಯಲ್ಲೂ ಹದಿನಾರಾಣೆಯೇ ಆಗಿರುವುದು ರೈತನ ಹಕ್ಕು.