ಅತ್ತೂರಿನ ಜಾತ್ರೆ ಮತ್ತು ಒಂದು ಪುಟ್ಟ ವಿಗ್ರಹ

ನಮ್ಮ ಉಯ್ಯಂಬಳ್ಳಿಯ ಕಡೆಯವರಿಗೆ ಜಾತ್ರೆಯೆಂದರೆ ಮೊದಲು ನೆನಪಾಗುವುದು ಕಬ್ಬಾಳಮ್ಮ. ಕ್ರೈಸ್ತರ ಹಬ್ಬವೆಂದರೆ ಹಾರೋಬೆಲೆ. ಆದರೆ ಕ್ರೈಸ್ತ ಸಂತರೊಬ್ಬರ ಹಬ್ಬವು ಇಡೀ ಸೀಮೆಯ ಜಾತ್ರೆಯಾಗಿ ಬೆಳೆದಿರುವುದನ್ನು ಕಾಣಬೇಕಾದರೆ ಘಟ್ಟವಿಳಿದು ಉಡುಪಿ ಜಿಲ್ಲೆಯ ಕಾರ್ಕಳಕ್ಕೆ ಹೋಗಬೇಕು. ಪಟ್ಟಣದ ಸಮೀಪದ ಅತ್ತೂರಿನಲ್ಲಿ ಸಂತ ಲಾರೆನ್ಸರ ದೇವಾಲಯವಿದೆ. ನಿವೃತ್ತಿಯ ನಂತರ ಒಂದು ಜನವರಿಯಲ್ಲಿ ಅಲ್ಲಿಗೆ ಹೋಗುವ ಅವಕಾಶ ಒದಗಿತು. ಕರಾವಳಿಯ ಬಗ್ಗೆ ಕೇಳುತ್ತಲೇ ಇರುವ ಹಳೆಯ ವಿದ್ಯಾರ್ಥಿಗಳಿಗಾಗಿ ಈ ಬರಹ.

ಲಾರೆನ್ಸರು ಮೂರನೆಯ ಶತಮಾನದ ರೋಮಿನವರು. ಅಲ್ಲಿನ ಧರ್ಮಸಭೆಯ ಬೊಕ್ಕಸ ಅವರ ವಶದಲ್ಲಿತ್ತು. ಚಕ್ರವರ್ತಿ ವ್ಯಾಲೇರಿಯನ್ನನ ಕಾಲದಲ್ಲಿ ಅಧಿಕಾರಿಗಳು ಆ ಸಂಪತ್ತನ್ನು ಒಪ್ಪಿಸೆಂದಾಗ, ಅವರು ಎಲ್ಲವನ್ನೂ ದಾನಮಾಡಿ, ಬಡವರನ್ನೂ ಅಂಗವಿಕಲರನ್ನೂ ಕರೆತಂದು ‘ಇವರೇ ನಮ್ಮ ಸಂಪತ್ತು’ ಎಂದು ನಿಲ್ಲಿಸಿದರಂತೆ. ಕ್ರಿ.ಶ. 258ರಲ್ಲಿ ಹುತಾತ್ಮರಾದರು. ಕಾದ ಕಬ್ಬಿಣದ ಸರಳುಗಳ ಮೇಲೆ ಸುಟ್ಟರೆಂಬುದು ಪರಂಪರೆಯ ಮಾತು.

ಜಗತ್ತಿನ ಇತರೆಡೆ ಇವರ ಹಬ್ಬ ಆಗಸ್ಟ್ 10ರಂದು. ಅತ್ತೂರಿನ ವಾರ್ಷಿಕ ಮಹೋತ್ಸವವಾದರೋ ಜನವರಿಯ ಕೊನೆಯಲ್ಲಿ, ಐದು ದಿನಗಳ ಕಾಲ. ಕಾರಣವನ್ನು ಕರಾವಳಿಯ ಮಳೆಯಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ಆಗಸ್ಟಿನಲ್ಲಿ ಅಲ್ಲಿ ಕೊಡೆ ಹಿಡಿದು ಹತ್ತು ಹೆಜ್ಜೆ ನಡೆಯುವುದೇ ಸಾಹಸ! ಜನವರಿಯ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ. ಕೋಲ, ಕಂಬಳ, ಯಕ್ಷಗಾನಗಳ ಕಾಲ ಅದು. ರೋಮಿನ ಸಂತರೂ ತುಳುನಾಡಿನ ಋತುಮಾನಕ್ಕೆ ಹೊಂದಿಕೊಂಡರು.

ಇನ್ನು ಇತಿಹಾಸಕ್ಕೆ ಬರೋಣ. 1784 ಎಂದೊಡನೆ ತರಗತಿಯಲ್ಲಿ ನೀವೆಲ್ಲ ‘ಮಂಗಳೂರು ಒಪ್ಪಂದ’ ಎಂದು ಒಕ್ಕೊರಲಿನಿಂದ ಕೂಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ನಮ್ಮ ಪಠ್ಯದಲ್ಲಿ ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಅಲ್ಲಿಗೆ ಮುಗಿಯುತ್ತದೆ. ಕರಾವಳಿಯ ಕ್ರೈಸ್ತರಿಗೆ ಆ ವರ್ಷದ ಅರ್ಥವೇ ಬೇರೆ. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದನು. ಸೆರೆಯಾದವರ ಸಂಖ್ಯೆಯನ್ನು 30,000 ಎಂದವರುಂಟು, 60,000 ಎಂದವರೂ ಉಂಟು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. 1759ರಲ್ಲಿ ಸ್ಥಾಪಿತವಾಗಿದ್ದ ಕಾರ್ಕಳದ ಚರ್ಚೂ ಆಗ ನೆಲಸಮವಾಯಿತು. ಬದುಕುಳಿದವರು ಬಿಡುಗಡೆ ಕಂಡದ್ದು 1799ರಲ್ಲಿ, ಟಿಪ್ಪುವಿನ ಪತನದ ನಂತರ.

1791ರಲ್ಲಿ ಮರಾಠರ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ನೆರವು ನೀಡಿದವನೂ ಇದೇ ಟಿಪ್ಪು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಇತಿಹಾಸದ ಮೇಷ್ಟರ ಕೆಲಸವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಶ್ರೀರಂಗಪಟ್ಟಣದಿಂದ ಹರಿದ ಕಾವೇರಿಯೇ ಮುಂದೆ ನಮ್ಮ ಸಂಗಮಕ್ಕೆ ಬರುತ್ತಾಳೆ. ಆ ಹದಿನೈದು ವರ್ಷಗಳ ಸೆರೆವಾಸ ನಮಗೆ ದೂರದ ಕಥೆಯೇನಲ್ಲ.

ಮರಳಿ ಬಂದವರ ಕೈಯಲ್ಲಿ ಉಳಿದದ್ದು ಅಲ್ಪ. ಅತ್ತೂರಿನ ಐತಿಹ್ಯ ಹುಟ್ಟುವುದು ಇಲ್ಲಿಂದ. ಹೊಸ ಚರ್ಚಿಗೆ ಜಾಗ ಹುಡುಕುತ್ತ, ಸಂತ ಲಾರೆನ್ಸರ ಒಂದಡಿಯ ಮರದ ವಿಗ್ರಹವನ್ನು ಹೊತ್ತು ಜನ ಕಾಡಿನಲ್ಲಿ ಅಲೆದರಂತೆ. ಪರ್ಪಲೆ ಗುಡ್ಡದ ಬಳಿ ಒಂದು ನೀರಿನ ಒರತೆ ಕಂಡಿತು. ಬಾಯಾರಿದ ಪಾದ್ರಿಗಳು ವಿಗ್ರಹವನ್ನು ನೆಲದ ಮೇಲಿಟ್ಟು ನೀರು ಕುಡಿದರು. ಮತ್ತೆ ಎತ್ತಲು ಹೋದರೆ ವಿಗ್ರಹ ಕದಲಲೊಲ್ಲದು! ಇಲ್ಲಿಯೇ ದೇವಾಲಯ ಕಟ್ಟುತ್ತೇವೆಂದು ಹರಕೆ ಹೊತ್ತ ಮೇಲೆಯೇ ಅದು ಮೇಲೆದ್ದಿತಂತೆ.

ಗೋಕರ್ಣದ ಆತ್ಮಲಿಂಗದ ಕಥೆಯನ್ನು ಅಜ್ಜಿಯರಿಂದ ಕೇಳಿದ ಯಾರಿಗೆ ತಾನೇ ಇದು ಹೊಸದೆನಿಸೀತು? ನೆಲಕ್ಕಿಟ್ಟ ದೇವರು ಏಳುವುದಿಲ್ಲವೆಂಬುದು ನಮ್ಮ ನಾಡಿನ ನಂಬಿಕೆ, ದೇವರು ಯಾರಾದರೇನು. ನೆಲೆ ಕಳೆದುಕೊಂಡು ಹದಿನೈದು ವರ್ಷ ಸೆರೆಯಲ್ಲಿದ್ದ ಜನರ ಸಂತತಿಯು ತಮ್ಮ ಸಂತರು ಇನ್ನು ಕದಲುವುದಿಲ್ಲವೆಂಬ ಕಥೆಯನ್ನು ಹೇಳುತ್ತ ಬಂದದ್ದು ಮಾತ್ರ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು.

ಅಲ್ಲಿ ಚರ್ಚು ಎದ್ದದ್ದು 1839ರಲ್ಲಿ, ಅದರ ಪಕ್ಕದ ದೊಡ್ಡ ಕಟ್ಟಡ 1901ರಲ್ಲಿ. 2016ರಲ್ಲಿ ಇದು ಬಸಿಲಿಕಾ ಎಂಬ ಗೌರವಕ್ಕೆ ಪಾತ್ರವಾಯಿತು. ಒರತೆಯಿದ್ದ ಸ್ಥಳ ಇಂದು ಪುಷ್ಕರಿಣಿ. ಹೆಸರು ಕೂಡ ದೇವಸ್ಥಾನದ್ದೇ.

ಜಾತ್ರೆಯಲ್ಲಿ ಕೊಂಕಣಿಯಲ್ಲೂ ಕನ್ನಡದಲ್ಲೂ ಬಲಿಪೂಜೆಗಳು ನಡೆಯುತ್ತವೆ. ಮೇಣದಬತ್ತಿ ಹಿಡಿದ ಸಾಲಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಇರುತ್ತಾರೆ. ಮಲ್ಲಿಗೆ ಮುಡಿದು ನನ್ನ ಮುಂದೆ ನಿಂತಿದ್ದ ಹಿರಿಯ ಮಹಿಳೆಯೊಬ್ಬರನ್ನು ‘ಯಾವ ಊರಾಯಿತಮ್ಮ, ಏನು ಹರಕೆ?’ ಎಂದು ಕೇಳಿದೆ. ಮಗನಿಗೆ ಕಾಯಿಲೆ ವಾಸಿಯಾದಂದಿನಿಂದ ವರ್ಷವೂ ಬರುತ್ತಿರುವುದಾಗಿ ತಿಳಿಸಿದರು. ಸಂತರು ಯಾವ ದೇಶದವರೆಂಬುದು ಅವರಿಗೆ ಗೊತ್ತಿರಲಿಲ್ಲ. ‘ಇಲ್ಲಿಯವರೇ ಅಲ್ಲವಾ ಮಾಷ್ಟ್ರೇ?’ ಎಂದು ನನ್ನನ್ನೇ ಕೇಳಿ, ಸಾಲು ಸರಿದೊಡನೆ ಬತ್ತಿ ಹಚ್ಚಲು ಮುಂದೆ ಹೋದರು.