ಖಾಲಿ ಜಾಗದ ಸದ್ದು

ಕಪಿಲೆ ನಂಜನಗೂಡು ದಾಟಿ ತಿ.ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಈ ಕಡೆಯ ಅಂಧ ಮಕ್ಕಳ ಓದಿನ ದಾರಿ ಮಾತ್ರ ಮೈಸೂರಿಗೆ. ಅಲ್ಲಿ 1901ರಲ್ಲೇ ಎಂ. ಶ್ರೀನಿವಾಸರಾಯರು ಅಂಧರ, ಕಿವುಡರ ಶಾಲೆ ತೆರೆದಿದ್ದರು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ 1991ರಲ್ಲಿ ಅಂಗವಿಕಲರಿಗೇ ಪಾಲಿಟೆಕ್ನಿಕ್ ಶುರು ಮಾಡಿತು.

ಬಾಗಿಲೇನೋ ತೆರೆಯಿತು, ಕಂಪ್ಯೂಟರೂ ಮಾತಾಡಬೇಕಲ್ಲ? ಪರದೆ ಓದುವ ತಂತ್ರಾಂಶ ಆಗ ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕಲ್ ಕರನ್ ಪೈಥಾನ್‌ನಲ್ಲಿ ಎನ್‌ವಿಡಿಎ ಬರೆಯಲು ಕೂತ. ಅದು ಎಲ್ಲರಿಗೂ ಉಚಿತವಾಯ್ತು.

ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಅದು ಕಣ್ಣಿಗೆ ಕಾಣುತ್ತೆ, ಕಿವಿಗೆ ಬೀಳಲ್ಲ. ಎನ್‌ವಿಡಿಎ ಈಗ ಅದನ್ನೂ ಮಾತಿನಲ್ಲೋ ಸ್ವರದಲ್ಲೋ ಹೇಳುತ್ತೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ, ಅಷ್ಟೇ.

ಇದನ್ನು ನಾನು ಕನಿಕರದ ಚರಿತ್ರೆ ಅಂತ ಓದಲ್ಲ. ನಾವು ಬರೆಯೋ ಆ್ಯಪ್‌ನಲ್ಲಿ ಹೆಸರು ಕೊಡದ ಒಂದು ಬಟನ್ ಸಾಕು, ಆ ಬಾಗಿಲು ಮತ್ತೆ ಮುಚ್ಚೋಕೆ.